ವಾಯೇಜರ್ 1ರ ಮೆಮೊರಿ ರಿಪೇರಿ: ಕೆಲಸ ಹೇಗಿದೆ?

1977ರಲ್ಲಿ ಹಾರಿದ ಬಾಹ್ಯಾಕಾಶ ನೌಕೆ ವಾಯೇಜರ್ 1 2023ರ ನವೆಂಬರ್‌ನಿಂದ ಅರ್ಥವಾಗದ ಡೇಟಾ ಕಳಿಸತೊಡಗಿತ್ತು. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ (ಜೆಪಿಎಲ್) ತಂಡ ಮೊದಲು, ಭೂಮಿಗೆ ಕಳಿಸುವ ಡೇಟಾವನ್ನು ಜೋಡಿಸುವ ಫ್ಲೈಟ್ ಡೇಟಾ ಕಂಪ್ಯೂಟರಿನ ಇಡೀ ಮೆಮೊರಿಯನ್ನು ತರಿಸಿಕೊಂಡು ಹಳೆಯ ಪ್ರತಿಯೊಂದಿಗೆ ತಾಳೆ ನೋಡಿತು. ಒಂದು ಚಿಪ್ ಕೈಕೊಟ್ಟು ಸುಮಾರು ಶೇ 3ರಷ್ಟು ಮೆಮೊರಿ ಕೆಟ್ಟಿತ್ತು. ಅಲ್ಲಿದ್ದ ಕೋಡ್ ಇಡಿಯಾಗಿ ಹಿಡಿಸುವ ಜಾಗ ಬೇರೆಲ್ಲೂ ಇಲ್ಲ. ಹಾಗಾಗಿ ಅದನ್ನು ತುಂಡು ಮಾಡಿ ಅಲ್ಲಲ್ಲಿ ಇಟ್ಟರು, ಯಾವ ತುಂಡು ಮೆಮೊರಿಯಲ್ಲಿ ಎಲ್ಲಿದೆ ಎಂದು ಹೇಳುವ ವಿಳಾಸಗಳನ್ನೆಲ್ಲ ತಿದ್ದಿದರು. ನಿಜವಾದ ಕೈಚಳಕ ಇರುವುದು ಇಲ್ಲೇ: ಒಂದು ವಿಳಾಸ ತಪ್ಪಿದರೂ ತುಂಡುಗಳು ಒಟ್ಟಾಗಿ ಓಡುವುದಿಲ್ಲ.

ನೌಕೆ ಬಹಳ ದೂರದಲ್ಲಿರುವುದರಿಂದ ಆಗ ಆದೇಶ ತಲುಪಲು ಸುಮಾರು 22.5 ಗಂಟೆ ಬೇಕಿತ್ತು, ಉತ್ತರಕ್ಕೆ ಮತ್ತಷ್ಟೇ. ಆದ್ದರಿಂದ 2024ರ ಏಪ್ರಿಲ್ 18ರಂದು ನೌಕೆಯ ಆರೋಗ್ಯದ ಮಾಹಿತಿ ಕೊಡುವ ಕೋಡನ್ನಷ್ಟೇ ಮೊದಲು ಸರಿಸಿದ್ದು ಬಹಳ ಸರಿಯಾದ ನಿರ್ಧಾರ. 20ರಂದು ಉತ್ತರ ಬಂತು. ಜೂನ್ ಹೊತ್ತಿಗೆ ಇನ್ನೂ ಕೆಲಸ ಮಾಡುತ್ತಿದ್ದ ನಾಲ್ಕೂ ವಿಜ್ಞಾನ ಉಪಕರಣಗಳಿಂದ ಸರಿಯಾದ ಡೇಟಾ ಮತ್ತೆ ಬರತೊಡಗಿತು. ಸತ್ತ ಚಿಪ್ ಮಾತ್ರ ಹಾಗೇ ಉಳಿದಿದೆ.