ಕಕ್ಕಡದ ಮಳೆಯಲ್ಲಿ ದೇಹದ ಚಿತ್ರ: ಮಡಿಕೇರಿ ಬಳಿಯ ಒಂದು ಕಲಾ ಶಿಬಿರ

ಮಡಿಕೇರಿಯಿಂದ ಸೋಮವಾರಪೇಟೆಯ ಕಡೆಗೆ ಸಾಗುವ ರಸ್ತೆಯಿಂದ ತೋಟದೊಳಕ್ಕೆ ಇಳಿದರೆ, ಹಿಂದೆ ಕಾಫಿ ಮೂಟೆಗಳನ್ನು ಪೇರಿಸಿಡುತ್ತಿದ್ದ ಗೋದಾಮೊಂದು ಸಿಗುತ್ತದೆ. ಅದನ್ನು ಚಿತ್ರಶಾಲೆಯಾಗಿ ಮಾಡಿಕೊಂಡಿರುವ ಕಲಾವಿದೆಯೊಬ್ಬರು ವಾರಾಂತ್ಯಗಳಲ್ಲಿ ಎರಡು ದಿನಗಳ ಶಿಬಿರ ನಡೆಸುತ್ತಾರೆ. ದೇಹವನ್ನೂ ಭಾವನೆಯನ್ನೂ ಚಿತ್ರದ ಮೂಲಕ ಅರಿತು ಗುಣ ಹೊಂದುವ ಶಿಬಿರ ಎಂದು ಕರಪತ್ರ ಹೇಳುತ್ತದೆ. ಶುಲ್ಕ ತಲಾ 3,500 ರೂಪಾಯಿ. ಬಣ್ಣ, ಕಾಗದ, ಮಧ್ಯಾಹ್ನದ ಊಟ ಮತ್ತು ಕೇಳಿದಷ್ಟು ಬೆಲ್ಲದ ಕಾಫಿ ಅದರಲ್ಲೇ ಸೇರಿವೆ, ತಂಗುವ ವ್ಯವಸ್ಥೆ ಮಾತ್ರ ಇಲ್ಲ. ಚಿತ್ರ ಬರೆಯಲು ಬಾರದವರೂ ಸೇರಬಹುದು ಎಂಬ ಸಾಲು ಇಂತಹ ಎಲ್ಲ ಕರಪತ್ರಗಳಲ್ಲೂ ಇರುತ್ತದಾದರೂ ಇಲ್ಲಿ ಅದು ನಿಜ, ಏಕೆಂದರೆ ಚಂದವಾಗಿ ಬರೆಯುವುದನ್ನು ಇಲ್ಲಿ ಯಾರೂ ಕಲಿಸುವುದಿಲ್ಲ.

ಮೊದಲ ದಿನದ ಬೆಳಗ್ಗೆ ನೆಲದ ಮೇಲೆ ಆಳುದ್ದದ ಬ್ರೌನ್ ಶೀಟ್ ಹಾಸಿ, ಒಬ್ಬರು ಅದರ ಮೇಲೆ ಮಲಗಿದರೆ ಇನ್ನೊಬ್ಬರು ಇದ್ದಿಲು ಕಡ್ಡಿಯಿಂದ ಮೈಯ ಅಂಚಿನುದ್ದಕ್ಕೂ ಗೆರೆ ಎಳೆಯುತ್ತಾರೆ. ಅನಂತರ ಆ ಖಾಲಿ ಆಕೃತಿಯೊಳಗೆ ನೋವು, ದಣಿವು, ನೆಮ್ಮದಿಗಳು ಎಲ್ಲೆಲ್ಲಿವೆಯೋ ಅಲ್ಲಲ್ಲಿ ಬಣ್ಣ ತುಂಬಬೇಕು. ಈ ಕ್ರಮ ಕಲಾವಿದೆಯ ಸ್ವಂತದ್ದಲ್ಲ, ಅದನ್ನು ಅವರೇ ಮೊದಲಿಗೆ ಹೇಳಿಬಿಡುತ್ತಾರೆ. 2002ರ ಸುಮಾರಿಗೆ ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಲ್ಲಿ ಎಚ್‌ಐವಿ ಸೋಂಕಿನೊಡನೆ ಬದುಕುತ್ತಿದ್ದ ಮಹಿಳೆಯರು ಹೀಗೆಯೇ ತಮ್ಮ ದೇಹದ ನಕ್ಷೆಗಳನ್ನು ಬರೆದು, ಕಾಯಿಲೆಯ ಜೊತೆಗೆ ತಮ್ಮ ಬದುಕಿನ ಕಥೆಯನ್ನೂ ಅದರೊಳಗೆ ಹೇಳಿಕೊಂಡರು. ಮುಂದೆ ಇದು ಬೇರೆ ಬೇರೆ ದೇಶಗಳಿಗೆ ಹಬ್ಬಿತು. ನಮ್ಮ ತಂಡದಲ್ಲಿದ್ದ ಸೇನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಬಹಳ ಹೊತ್ತು ಶೀಟನ್ನು ದಿಟ್ಟಿಸಿ, "ನನಗೆ ಮಂಡಿ ಒಂದು ಬಿಟ್ಟರೆ ಬೇರೆ ದೇಹವೇ ಇಲ್ಲ ಮೇಡಂ" ಎಂದರು. "ಹಾಗಾದರೆ ಮಂಡಿಯನ್ನೇ ಬರೆಯಿರಿ ಸರ್, ದೊಡ್ಡದಾಗಿ" ಎಂದು ಕಲಾವಿದೆ ಹೊಸ ಹಾಳೆಯನ್ನು ಹಾಸಿಕೊಟ್ಟರು. ಊಟದ ಹೊತ್ತಿಗೆ ಆ ಹಾಳೆಯ ತುಂಬ ಹಲಸಿನ ಹಣ್ಣಿನಷ್ಟು ಗಾತ್ರದ ಮಂಡಿಯೊಂದು ಕೆಂಪು, ಕಪ್ಪು ಬಣ್ಣಗಳಲ್ಲಿ ಕುಳಿತಿತ್ತು. ಕಲಾವಿದೆ ಅದಕ್ಕೆ ಯಾವ ಅರ್ಥವನ್ನೂ ಹಚ್ಚಲಿಲ್ಲ. ಕಪ್ಪನ್ನು ಬೆರಳಿನಿಂದ ತೀಡಿದಿರೋ ಬಟ್ಟೆಯಿಂದಲೋ ಎಂದಷ್ಟೇ ಕೇಳಿದರು. ಕೆಂಪು ಎಂದರೆ ಸಿಟ್ಟು, ನೀಲಿ ಎಂದರೆ ದುಃಖ ಎಂದು ಪಟ್ಟಿ ಒಪ್ಪಿಸುವ ಶಿಬಿರಗಳನ್ನು ನೋಡಿ ಬೇಸತ್ತಿದ್ದ ನನಗೆ ಈ ಸಂಯಮವೇ ಶಿಬಿರದ ದೊಡ್ಡ ಗುಣವಾಗಿ ಕಂಡಿತು.

ಭಾವನೆಗೂ ಅಂಗಾಂಗಗಳಿಗೂ ಇರುವ ನಂಟಿನ ಬಗ್ಗೆ ಅವರು ಹೇಳಿದ್ದು ಹೆಚ್ಚೇನಲ್ಲ, ಆದರೆ ಆರಿಸಿಕೊಂಡ ಉದಾಹರಣೆ ಸರಿಯಾಗಿತ್ತು. ಫಿನ್ಲೆಂಡಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 701 ಜನರಿಗೆ ದೇಹದ ಆಕೃತಿಗಳನ್ನು ಕೊಟ್ಟು, ಒಂದೊಂದು ಭಾವನೆಯಲ್ಲಿ ಎಲ್ಲಿ ಚುರುಕು ಹೆಚ್ಚುತ್ತದೆ, ಎಲ್ಲಿ ಕುಗ್ಗುತ್ತದೆ ಎಂದು ಬಣ್ಣ ಹಚ್ಚಿಸಿದ್ದರು. ಸಂತೋಷ ಮೈಯಿಡೀ ಹರಡಿತ್ತು, ಸಿಟ್ಟು ಎದೆ ಮತ್ತು ತೋಳುಗಳಲ್ಲಿ ತುಂಬಿತ್ತು, ಖಿನ್ನತೆಯಲ್ಲಿ ಕೈಕಾಲುಗಳು ಮಂಕಾಗಿದ್ದವು. ನಮ್ಮ ಹಾಳೆಗಳಲ್ಲೂ ಹಲವರು ಪಾದಗಳನ್ನು ಬಣ್ಣವಿಲ್ಲದೆ ಬಿಟ್ಟಿದ್ದರು, ಅದರಲ್ಲಿ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮಕ್ಕಂದೂರಿನ ಕಡೆಯವರೊಬ್ಬರೂ ಇದ್ದರು. ಅದಕ್ಕೂ ಇದಕ್ಕೂ ಸಂಬಂಧ ಕಟ್ಟುವುದು ನನ್ನ ಕೆಲಸವಲ್ಲ.

ಮಧ್ಯಾಹ್ನ ಗೋಡೆಯ ಮೇಲೆ ತೋರಿಸಿದ ಚಿತ್ರಗಳಲ್ಲಿ ಮೆಕ್ಸಿಕೊದ ಚಿತ್ರಕಲಾವಿದೆ ಫ್ರಿದಾ ಕಾಹ್ಲೋ ಇರಲೇಬೇಕಿತ್ತು, ಇದ್ದರು. 1925ರ ಬಸ್ ಅಪಘಾತದಲ್ಲಿ ಬೆನ್ನುಮೂಳೆ ಮುರಿದುಕೊಂಡು, ಮಲಗಿದಲ್ಲೇ ಚಿತ್ರಿಸಲು ಅನುಕೂಲವಾಗುವಂತೆ ಮಾಡಿಸಿದ ಚೌಕಟ್ಟು ಮತ್ತು ಮಂಚದ ಮೇಲೆ ಕಟ್ಟಿದ ಕನ್ನಡಿಯ ನೆರವಿನಿಂದ ತನ್ನನ್ನೇ ಬರೆಯತೊಡಗಿದ ಆಕೆಯ ಕಥೆ ಎಲ್ಲರೂ ಬಲ್ಲದ್ದೇ. ಆದರೆ 1944ರ "ಮುರಿದ ಕಂಬ" ಚಿತ್ರವನ್ನು ಪರದೆಯ ಮೇಲೆ ನಿಲ್ಲಿಸಿ, ಮೈಯೆಲ್ಲ ಮೊಳೆ ಚುಚ್ಚಿಕೊಂಡು ಕಣ್ಣಲ್ಲಿ ನೀರಿದ್ದರೂ ಆ ಮುಖ ಏಕೆ ಅಳುವ ಮುಖವಲ್ಲ ಎಂದು ಶಿಬಿರದ ಕಲಾವಿದೆ ಕೇಳಿದ ಪ್ರಶ್ನೆಗೆ ಸುಮಾರು ಅರ್ಧ ಗಂಟೆ ಚರ್ಚೆ ನಡೆಯಿತು. ಕಾಹ್ಲೋ ಜೀವನದುದ್ದಕ್ಕೂ ನೋವುಂಡವರು, 1953ರಲ್ಲಿ ಅವರ ಬಲಗಾಲನ್ನೇ ಕತ್ತರಿಸಬೇಕಾಯಿತು. ಚಿತ್ರ ಅವರನ್ನು ಗುಣಪಡಿಸಿತು ಎನ್ನುವ ಹಾಗಿಲ್ಲ. ಈ ಮಾತನ್ನು ಕಲಾವಿದೆ ಆಡಲಿಲ್ಲ, ಆಡಬೇಕಿತ್ತು.

ಎರಡನೆಯ ದಿನದ ಬೆಳಗು ಇಡೀ ಶಿಬಿರದಲ್ಲೇ ಉತ್ತಮವಾದದ್ದು. ಕೊಡವರ ಲೆಕ್ಕದಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳಾದ್ದರಿಂದ ತೋಟದ ಬದಿಯಲ್ಲಿ ಮದ್ದು ಸೊಪ್ಪು ಹುಲುಸಾಗಿ ಬೆಳೆದಿತ್ತು. ಕಕ್ಕಡದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಅದರಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆಂಬ ನಂಬಿಕೆಯಿಂದ ಕೊಡಗಿನ ಮನೆಮನೆಗಳಲ್ಲಿ ಅದರ ರಸದ ಪಾಯಸ ಮಾಡುವುದು ಗೊತ್ತಿರುವ ವಿಷಯ. ಅದನ್ನು ಉಂಡ ಮರುದಿನ ಮೂತ್ರ ಕೆಂಪಾಗುವುದನ್ನು ಕಂಡು ಹೊರಗಿನ ನೆಂಟರು ಗಾಬರಿಯಾಗುವುದೂ ಅಷ್ಟೇ ಗೊತ್ತು. ಅದೇ ಸೊಪ್ಪನ್ನು ಸಣ್ಣ ಪಾತ್ರೆಯಲ್ಲಿ ಕುದಿಸಿ ಸೋಸಿದಾಗ ಬಂದ ಕಡುನೇರಳೆ ರಸವನ್ನು ಬಟ್ಟಲಿಗೆ ಹಾಕಿ ಕುಂಚ ಕೈಗಿತ್ತರು. ಮೊದಲ ಎಳೆಗೆ ತೆಳುವಾಗಿ ಹರಡುವ ರಸ, ಒಣಗಿದ ಮೇಲೆ ಇನ್ನೊಂದು ಎಳೆ ಹಾಕಿದರೆ ಗಾಢವಾಗುತ್ತ ಹೋಗುತ್ತದೆ. ಕಾಗದ ಒದ್ದೆಯಿದ್ದಾಗ ಆತುರಪಟ್ಟರೆ ಅಂಚಿನಲ್ಲಿ ಕಲೆಯಾಗಿ ಕೂರುತ್ತದೆ. ಹಾಗಾಗಿ ಬರೆಯುವವರು ತಾವಾಗಿಯೇ ಕಾಯುತ್ತಾರೆ, ಕಾಯುವಾಗ ಉಸಿರು ನಿಧಾನವಾಗುತ್ತದೆ. ಉಸಿರಾಟದ ಬಗ್ಗೆ ಹಿಂದಿನ ದಿನ ಕೊಟ್ಟ ದೀರ್ಘ ಉಪದೇಶಕ್ಕಿಂತ ಈ ಬಟ್ಟಲು ಹೆಚ್ಚು ಕೆಲಸ ಮಾಡಿತು. ಬಣ್ಣ ಬಾಳುವುದಿಲ್ಲ ಎಂಬುದು ಬೇರೆ ಮಾತು. ನನ್ನ ಹಾಳೆ ಈಗಾಗಲೇ ಮಾಸಲಾಗಿದೆ.

ಸೌಕರ್ಯಗಳ ವಿಷಯದಲ್ಲಿ ತಕರಾರುಗಳಿವೆ. ಮಳೆಗಾಲದಲ್ಲಿ ಆ ಗೋದಾಮಿನೊಳಗಿನ ತೇವ ಕಾಗದಕ್ಕೆ ಇಳಿಯುತ್ತದೆ. ಚಿತ್ರಕ್ಕೆ ಕೊಟ್ಟ ದಪ್ಪನೆಯ 300 ಜಿಎಸ್‌ಎಂ ಕಾಗದ ಹೇಗೋ ತಡೆದುಕೊಂಡರೂ ಬ್ರೌನ್ ಶೀಟು ಬಣ್ಣ ತಾಗಿದಲ್ಲೆಲ್ಲ ಉಬ್ಬಿ ಹರಿಯಿತು. ಹದಿನಾರು ಮಂದಿ ಮೈಚಾಚಿ ಮಲಗಲು ಅಲ್ಲಿ ಜಾಗವೂ ಸಾಲದು. ಊಟಕ್ಕೆ ಬಡಿಸಿದ ನೂಲ್‌ಪುಟ್ಟು, ಅಂದರೆ ಅಕ್ಕಿ ಶಾವಿಗೆ, ಚೆನ್ನಾಗಿತ್ತು.

ಇನ್ನು ಕರಪತ್ರದಲ್ಲಿರುವ ಗುಣ ಹೊಂದುವ ಮಾತಿಗೆ ಬರುತ್ತೇನೆ. ಚಿತ್ರ ಬರೆಯುವುದರಿಂದ ಒಳ್ಳೆಯದಾಗುತ್ತದೆ ಎನ್ನಲು ಆಧಾರವಿಲ್ಲದೆ ಇಲ್ಲ. ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ 39 ಮಂದಿ 45 ನಿಮಿಷ ಕಲೆಯಲ್ಲಿ ತೊಡಗಿದ ಮೇಲೆ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಲೆ ಮತ್ತು ಆರೋಗ್ಯ ಕುರಿತ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ ವರದಿ ತಂದಿದೆ. ಆದರೆ ಒತ್ತಡ ಸ್ವಲ್ಪ ಇಳಿಯುವುದು ಒಂದು, ಕಾಯಿಲೆ ವಾಸಿಯಾಗುವುದು ಇನ್ನೊಂದು. ತರಬೇತಾದ ಚಿಕಿತ್ಸಕರು ತಿಂಗಳುಗಟ್ಟಲೆ ನಡೆಸುವ ಕಲಾ ಚಿಕಿತ್ಸೆಯನ್ನೂ ಎರಡು ದಿನದ ಶಿಬಿರವನ್ನೂ ಒಂದೇ ಹೆಸರಿನಿಂದ ಕರೆಯಬಾರದು.

ಈ ವ್ಯತ್ಯಾಸ ಎಷ್ಟು ಮುಖ್ಯ ಎಂಬುದು ಕೊನೆಯ ದಿನದ ಸಂಜೆ ತಿಳಿಯಿತು. ಎಲ್ಲರನ್ನೂ ವೃತ್ತಾಕಾರದಲ್ಲಿ ಕೂರಿಸಿ, ತಮ್ಮ ಚಿತ್ರದ ಬಗ್ಗೆ ಸರದಿಯಂತೆ ಮಾತಾಡಲು ಹೇಳಿದರು. ಮಾತಾಡಲು ಮನಸ್ಸಿಲ್ಲದವರಿಗೆ ಬಿಡುವು ಇರಲಿಲ್ಲ, "ಸ್ವಲ್ಪವಾದರೂ ಹೇಳಿ ಅಕ್ಕ" ಎಂಬ ಒತ್ತಾಯ ನಡೆದೇ ಇತ್ತು. ಒಬ್ಬರು ಅತ್ತುಬಿಟ್ಟಾಗ ಅವರನ್ನು ಹೊರಗೆ ಕರೆದೊಯ್ದು ಜೊತೆಗೆ ಕೂರಲು ಅಲ್ಲಿ ಅನುಭವಿಗಳು ಯಾರೂ ಇರಲಿಲ್ಲ. ಊಟ ಬಡಿಸುತ್ತಿದ್ದ ಹೆಂಗಸೇ ಎದ್ದು ಹೋಗಿ ನೀರು ಕೊಟ್ಟರು. ಅದರ ಬೆನ್ನಿಗೇ ಸಹಾಯಕ ಹುಡುಗ ಜಾಲತಾಣಕ್ಕೆ ಹಾಕಲೆಂದು ಚಿತ್ರಗಳ ಫೋಟೊ ತೆಗೆಯತೊಡಗಿದ. ಕೇಳಿದವರಿಗೆ ಬೇಡವೆಂದರೆ ತೆಗೆಯುವುದಿಲ್ಲ ಎಂದ, ಆದರೆ ಮೊದಲೇ ಒಪ್ಪಿಗೆ ಪಡೆದಿರಲಿಲ್ಲ. ತನ್ನ ದೇಹವನ್ನು ಕಾಗದದ ಮೇಲೆ ಬಿಚ್ಚಿಟ್ಟವರ ವಿಷಯದಲ್ಲಿ ಇದು ಸಣ್ಣ ಲೋಪವಲ್ಲ.

ಬಣ್ಣದ ಜೊತೆ ಎರಡು ದಿನ ಕಳೆಯಬೇಕೆನ್ನುವವರು ಧಾರಾಳವಾಗಿ ಹೋಗಬಹುದು, ಕೊಟ್ಟ ಹಣಕ್ಕೆ ಮೋಸವಿಲ್ಲ. ಇತ್ತೀಚೆಗೆ ಆಪ್ತರನ್ನು ಕಳೆದುಕೊಂಡವರು, ಮನೋವೈದ್ಯರ ಬಳಿ ಚಿಕಿತ್ಸೆಯಲ್ಲಿರುವವರು ಮೊದಲು ತಮ್ಮ ವೈದ್ಯರನ್ನು ಕೇಳುವುದು ಲೇಸು. ತಕ್ಷಣದ ನೆರವು ಬೇಕಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಹೆಸರು ನೋಂದಾಯಿಸುವಾಗಲೇ ಫೋಟೊ ಬೇಡವೆಂದು ಬರೆದು ತಿಳಿಸಿ, ಸಂಜೆಯ ಮಾತುಕತೆಯಿಂದ ಹೊರಗುಳಿಯಬಹುದೇ ಎಂದೂ ಕೇಳಿಕೊಳ್ಳಿ. ಮದ್ದು ಸೊಪ್ಪಿನ ರಸದಲ್ಲಿ ಬರೆಯುವ ಆಸೆಯಿದ್ದರೆ ಜುಲೈ ಕೊನೆಯಿಂದ ಆಗಸ್ಟ್ ನಡುವಿನೊಳಗೆ ಹೋಗಬೇಕು. ಕಾಗದ ಹರಿಯದೆ ಉಳಿಯಬೇಕೆಂದಿದ್ದರೆ ಕಾಫಿ ಕೊಯ್ಲಿನ ತಿಂಗಳುಗಳೇ ವಾಸಿ.