ಮೈಸೂರು ಅರಮನೆಗೆ ಪ್ಯಾಕೇಜ್ ಟೂರ್ ಬುಕ್ ಮಾಡುವ ಮುನ್ನ ಇದನ್ನೊಮ್ಮೆ ಓದಿ

ರಜೆ ಹತ್ತಿರ ಬಂತೆಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ಮೈಸೂರು-ಊಟಿ ಟೂರಿನ ಪಾಂಪ್ಲೆಟ್‌ಗಳು ಪೇಪರ್ ಜೊತೆ ಮನೆಗೇ ಬಂದು ಬೀಳುತ್ತವೆ. ಕಳೆದ ಬೇಸಿಗೆಯಲ್ಲಿ ಅಂಥದ್ದೇ ಒಂದು ಟೂರಿಗೆ ನಾವು ಮನೆಮಂದಿಯೆಲ್ಲ ಹೋಗಿ ಬಂದೆವು. ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಬೇಜಾರಾಗಿದ್ದು ನಮ್ಮ ಅವ್ವನ ವಿಷಯಕ್ಕೆ. ಪ್ರತಿ ವಿಜಯದಶಮಿಗೆ ಟಿವಿ ಮುಂದೆ ಕೂತು ಜಂಬೂ ಸವಾರಿ ನೋಡಿ ಕೈ ಮುಗಿಯುವ ಹೆಂಗಸು ಅವಳು. ಅರಮನೆಯನ್ನು ಕಣ್ಣಾರೆ ನೋಡಬೇಕು ಅನ್ನುವುದು ಅವಳ ಎಷ್ಟೋ ವರ್ಷದ ಆಸೆ. ನಿಮ್ಮ ಮನೆಯ ಹಿರಿಯರಿಗೆ ಹೀಗೆ ಆಗಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಪಾಂಪ್ಲೆಟ್‌ನಲ್ಲಿ ಏನಿತ್ತು ಅನ್ನುವುದನ್ನು ಮೊದಲು ಹೇಳುತ್ತೇನೆ. ದೀಪದಿಂದ ಝಗಮಗಿಸುವ ಅರಮನೆಯ ಫೋಟೊ, ಪಕ್ಕದಲ್ಲಿ ಚಿನ್ನದ ಸಿಂಹಾಸನ, ಅದರ ಪಕ್ಕ ಚಿನ್ನದ ಅಂಬಾರಿ. ಮೂರನ್ನೂ ತೋರಿಸುತ್ತೇವೆ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಅವ್ವನಿಗೆ ಮೊಳಕಾಲು ನೋವು, ಅರಮನೆಯಲ್ಲಿ ನಿಧಾನವಾಗಿ ಓಡಾಡಲು ಹೊತ್ತು ಬೇಕು ಅಂತ ಬುಕ್ ಮಾಡುವಾಗಲೇ ಹೇಳಿದ್ದೆವು. "ಅಕ್ಕಾರ, ನೀವೇನೂ ಚಿಂತಿ ಮಾಡಬ್ಯಾಡ್ರಿ. ಅರಮನಿಗೆ ಅರ್ಧಾ ದಿನಾ ಇಟ್ಟೀವ್ರಿ" ಅಂದರು. ಪೂರ್ತಿ ಹಣ ಮುಂಗಡವಾಗಿಯೇ ಕಟ್ಟಿಸಿಕೊಂಡರು.

ಈ ಮೂರು ಫೋಟೊಗಳಲ್ಲಿ ಎರಡು ನಮ್ಮ ಟೂರಿಗೆ ಸಂಬಂಧವೇ ಇಲ್ಲದವು. ರತ್ನಖಚಿತ ಸಿಂಹಾಸನದ ಬಿಡಿಭಾಗಗಳನ್ನು ಭದ್ರತಾ ಕೊಠಡಿಯಲ್ಲಿ ಇಟ್ಟಿರುತ್ತಾರೆ. ನವರಾತ್ರಿಗೆ ಮುಂಚೆ ಹೊರಗೆ ತಂದು ಜೋಡಿಸುತ್ತಾರೆ, ದಸರಾ ಮುಗಿದ ಮೇಲೆ ಮತ್ತೆ ಬಿಚ್ಚಿ ಒಳಗಿಡುತ್ತಾರೆ. ಮೇ ತಿಂಗಳಲ್ಲಿ ಅದನ್ನು ಯಾರೂ ತೋರಿಸಲು ಸಾಧ್ಯವಿಲ್ಲ. ಇನ್ನು ದೀಪಾಲಂಕಾರ. ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿಕೊಳ್ಳುವ ಆ ನೋಟ ಇರುವುದು ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ, ದಸರಾದಲ್ಲಂತೂ ದಿನವೂ. ಉಳಿದ ದಿನಗಳ ಸಂಜೆಯ ಧ್ವನಿ-ಬೆಳಕು ಕಾರ್ಯಕ್ರಮಕ್ಕೆ ಬೇರೆ ಟಿಕೆಟ್ ತೆಗೆಸಬೇಕು. ನಮ್ಮನ್ನು ಕರೆದುಕೊಂಡು ಹೋಗಿದ್ದು ಮಂಗಳವಾರ. ವರ್ಷವಿಡೀ ಇದೇ ವ್ಯವಹಾರ ಮಾಡುವವರಿಗೆ ಇದು ಗೊತ್ತಿರುವುದಿಲ್ವಾ? ಗೊತ್ತಿದ್ದೇ ಹಾಕಿದ್ದಾರೆ.

ಅಂದು ಬೆಳಿಗ್ಗೆ ಚಾಮುಂಡಿ ಬೆಟ್ಟ ಆಯಿತು. ಅಲ್ಲಿ ಯಾವ ತಕರಾರೂ ಇಲ್ಲ, ದರ್ಶನ ಚೆನ್ನಾಗಿಯೇ ಆಯಿತು. ಕೆಳಗಿಳಿದ ಮೇಲೆ ಅರಮನೆಗೆ ಹೋಗುತ್ತೇವೆ ಅಂದುಕೊಂಡರೆ ಬಸ್ಸು ನಿಂತಿದ್ದು ಒಂದು ಸೀರೆ ಅಂಗಡಿ ಮುಂದೆ. "ಹತ್ತು ನಿಮಿಷ ನೋಡ್ಕೊಂಡ್ ಬರ್ರಿ, ಫ್ಯಾಕ್ಟರಿ ರೇಟ್ ಐತಿ" ಅಂದ ಬಸ್ಸಿನ ಹುಡುಗ. ಹತ್ತು ನಿಮಿಷ ಒಂದು ಗಂಟೆಯ ಮೇಲಾಯಿತು. ನಂತರ ಗಂಧದ ಎಣ್ಣೆ, ಅಗರಬತ್ತಿ ಅಂಗಡಿ. ಊಟ. ಊಟದ ಮೇಲೆ ಮರದ ಕೆತ್ತನೆ ಸಾಮಾನಿನ ಅಂಗಡಿ. ನಾವು ಇಳಿಯುವುದಿಲ್ಲ ಅಂದರೆ ಬಸ್ಸಿನ ಎಸಿ ಬಂದ್ ಮಾಡಿದರು. ಬಿಸಿಲಲ್ಲಿ ವಯಸ್ಸಾದವರನ್ನು ಎಷ್ಟು ಹೊತ್ತು ಹಾಗೆ ಕೂರಿಸುವುದು? ಇಳಿದೆವು. ಗಿರಾಕಿಗಳನ್ನು ಕರೆತಂದಿದ್ದಕ್ಕೆ ಅಂಗಡಿಯವರು ಕಮಿಷನ್ ಕೊಡುತ್ತಾರೆ ಅಂತ ನಮ್ಮ ಜೊತೆಗಿದ್ದ ಗದಗಿನ ಹಿರಿಯರೊಬ್ಬರು ಹೇಳಿದರು. ಅರಮನೆಗೆ ಅಂತ ಹೇಳಿದ್ದ ಅರ್ಧ ದಿನ ಹೋಗಿದ್ದು ಹೀಗೆ.

ವರಾಹ ದ್ವಾರದ ಹತ್ತಿರ ಬಸ್ಸು ನಿಂತಾಗ ಸಂಜೆ ನಾಲ್ಕೂವರೆ. ಐದೂವರೆಗೆ ಅರಮನೆ ಮುಚ್ಚುತ್ತದೆ. ಟಿಕೆಟ್ ಹಣ ಪ್ಯಾಕೇಜಿನಲ್ಲೇ ಇದೆ ಅಂದಿದ್ದವರು ಈಗ ನೀವೇ ತೆಗೆಸಿ ಅಂದರು. ಟಿಕೆಟ್ ಸಾಲು, ಚಪ್ಪಲಿ ಬಿಡುವ ಸಾಲು ದಾಟುವಷ್ಟರಲ್ಲಿ ಐದಾಗಿತ್ತು. "ಕೆಆರ್‌ಎಸ್ ಕಾರಂಜಿಗೆ ಲೇಟ್ ಆಗ್ತದ, ಲಗೂ ಬರ್ರಿ" ಅಂತ ಬಸ್ಸಿನ ಹುಡುಗ ಬೆನ್ನು ಬಿಡಲಿಲ್ಲ. ಅಂಬಾರಿ ಮುಂದೆ ಅವ್ವ ನಿಂತು ಕೈ ಮುಗಿಯುವಷ್ಟರಲ್ಲಿ ಹಿಂದಿನ ಜನ ನೂಕಿಕೊಂಡು ಬಂದರು. ಮೇಲಿನ ದರ್ಬಾರ್ ಹಾಲ್‌ಗೆ ಅವಳು ಹತ್ತಲೇ ಇಲ್ಲ. ನಿಧಾನವಾಗಿ ಮೆಟ್ಟಿಲು ಹತ್ತಿಸೋಣ ಅಂದರೆ ಹೊತ್ತಿರಲಿಲ್ಲ.

ಅಷ್ಟು ಗಡಿಬಿಡಿಯಲ್ಲಿ ನೋಡುವ ಜಾಗ ಅಲ್ಲ ಅದು. 1897ರಲ್ಲಿ ರಾಜಕುಮಾರಿಯ ಮದುವೆ ಸಮಯದಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಹುಡುಗ. ಅವರ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದ ತಾಯಿ, ವಾಣಿವಿಲಾಸ ಸನ್ನಿಧಾನದವರು, ಹೊಸ ಅರಮನೆ ಕೆಲಸವನ್ನು ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರಿಗೆ ಒಪ್ಪಿಸಿದರು. ಕೆಲಸ ಮುಗಿದಿದ್ದು 1912ರಲ್ಲಿ. ಕಲ್ಯಾಣ ಮಂಟಪದ ಕಬ್ಬಿಣದ ಕಂಬಗಳನ್ನು ಎರಕ ಹೊಯ್ದಿದ್ದು ದೂರದ ಗ್ಲಾಸ್ಗೋದಲ್ಲಿ. ಅದರ ಚಾವಣಿಯ ಬಣ್ಣದ ಗಾಜಿನಲ್ಲಿರುವ ನವಿಲುಗಳನ್ನು ಕತ್ತೆತ್ತಿ ನೋಡಬೇಕು. ಸುತ್ತಲಿನ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ಚಿತ್ರಗಳಿವೆ. ಒಂದೊಂದು ಮುಖವೂ ಬೇರೆ ಬೇರೆ. ಮೇಲೆ ದರ್ಬಾರ್ ಹಾಲ್, ಅಂಬಾವಿಲಾಸ. ಎರಡು-ಮೂರು ಗಂಟೆಯಾದರೂ ಬೇಕು, ಹಿರಿಯರಿದ್ದರೆ ಇನ್ನೂ ಜಾಸ್ತಿ.

ಇದಕ್ಕೆ ಪ್ಯಾಕೇಜ್ ಬೇಕಾಗಿಯೇ ಇಲ್ಲ. ಧಾರವಾಡದಿಂದ ಮೈಸೂರಿಗೆ ರಾತ್ರಿ ರೈಲಿದೆ. ಹುಬ್ಬಳ್ಳಿ, ಹಾವೇರಿಯವರೂ ಅದನ್ನೇ ಹತ್ತಬಹುದು. ಮೈಸೂರು ನಿಲ್ದಾಣದಿಂದ ಅರಮನೆ ಎರಡು ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ 10ಕ್ಕೆ ಬಾಗಿಲು ತೆರೆಯುತ್ತದೆ. ಆ ಹೊತ್ತಿಗೇ ಹೋದರೆ ಬಿಸಿಲೂ ಕಡಿಮೆ, ನೂಕುನುಗ್ಗಲೂ ಕಡಿಮೆ. ಭಾನುವಾರ ಹೋದರೆ ಜನ ಜಾಸ್ತಿ, ಆದರೆ ಸಂಜೆ ದೀಪ ನೋಡಬಹುದು. ಸಿಂಹಾಸನ ನೋಡಲೇಬೇಕು ಅಂದರೆ ದಸರಾ ಸಮಯಕ್ಕೇ ಹೋಗಬೇಕು. ಅದನ್ನು ಯಾವ ದಿನ ತೋರಿಸುತ್ತಾರೆ ಅಂತ ಮೊದಲೇ ವಿಚಾರಿಸಿಕೊಳ್ಳಿ. ಅರಮನೆ ಈಗ ಬಂದ್ ಇದೆ, ಅಷ್ಟರಲ್ಲಿ ಮಾರ್ಕೆಟ್ ತೋರಿಸುತ್ತೇನೆ ಅಂತ ಹೊರಗೆ ಯಾರಾದರೂ ಹೇಳಿದರೆ ನಂಬಬೇಡಿ. ನೇರ ಟಿಕೆಟ್ ಕೌಂಟರಿನಲ್ಲೇ ಕೇಳಿ.

ಬಸ್ಸಿನಲ್ಲೇ ಹೋಗುವ ಮನಸ್ಸಿದ್ದರೆ, ಅರಮನೆಗೆ ಎಷ್ಟು ಗಂಟೆಗೆ ಮುಟ್ಟಿಸುತ್ತೀರಿ, ಎಷ್ಟು ಗಂಟೆಗೆ ಹೊರಡಿಸುತ್ತೀರಿ, ನಡುವೆ ಯಾವ ಯಾವ ಅಂಗಡಿ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿದರೂ ಆಯಿತು. ಪೂರ್ತಿ ಹಣ ಮುಂಗಡ ಕೊಡಬೇಡಿ.

ಈಗಾಗಲೇ ಮೋಸ ಹೋದವರು ಸುಮ್ನೆ ಕೂರಬೇಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ನಾವು ಪಾಂಪ್ಲೆಟ್, ರಸೀದಿ, ಅರಮನೆ ಟಿಕೆಟ್ ಎಲ್ಲವನ್ನೂ ಸೇರಿಸಿ ದೂರು ತಯಾರು ಮಾಡುತ್ತಿದ್ದೇವೆ. ನಿಮ್ಮ ಮನೆಯಲ್ಲೂ ಅಂಥ ಪಾಂಪ್ಲೆಟ್ ಇದ್ದರೆ ರದ್ದಿಗೆ ಹಾಕಬೇಡಿ.