ಫ್ಲೂಕ್ 87ವಿ: ನ್ಯಾನೊಸೀಮೆನ್ಸ್ ರೇಂಜನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಫ್ಲೂಕ್ 87ವಿ ಮಲ್ಟಿಮೀಟರಿನ ವೋಲ್ಟೇಜ್, ಕರೆಂಟ್ ಬಗ್ಗೆ ತಕರಾರಿಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. ಇಲ್ಲಿ ನೋಡಿರುವುದು ರೋಧ ಅಳೆಯುವ ಓಮ್ಸ್ ಹಿಂದೆ ಅಡಗಿರುವ, ವಾಹಕತೆ ಅಳೆಯುವ ನ್ಯಾನೊಸೀಮೆನ್ಸ್ ರೇಂಜನ್ನು ಮಾತ್ರ.

ಓಮ್ಸ್‌ನಲ್ಲಿ ಮೀಟರ್ 50 ಮೆಗಾಓಮ್‌ಗೆ ನಿಂತುಬಿಡುತ್ತದೆ. ಅದರಾಚೆಯ ರೋಧವನ್ನು ಅಳೆಯಲು ಅದರ ವಿಲೋಮವಾದ ವಾಹಕತೆಯನ್ನೇ ಹಿಡಿಯಬೇಕು. 1000ವನ್ನು ಪರದೆಯ ನ್ಯಾನೊಸೀಮೆನ್ಸ್ ಅಂಕಿಯಿಂದ ಭಾಗಿಸಿದರೆ ಮೆಗಾಓಮ್ ಸಿಗುತ್ತದೆ: 20.00 ಅಂದರೆ 50, 1.00 ಅಂದರೆ 1000. ರೇಂಜಿನ ಗರಿಷ್ಠ 60.00. ಹಾಗಾಗಿ ಸುಮಾರು 17 ಮೆಗಾಓಮ್‌ಗಿಂತ ಕಡಿಮೆ ಇದ್ದರೆ ‘ಓಎಲ್’ (ರೇಂಜ್ ಮೀರಿದೆ ಎಂಬ ಸೂಚನೆ) ಬರುತ್ತದೆ. ಓಪನ್ ಆಗಿದೆ ಎಂದುಕೊಂಡು ಪಾರ್ಟ್ ಎಸೆಯಬೇಡಿ, ಇಲ್ಲಿ ಎಲ್ಲ ಉಲ್ಟಾ.

ಡಯಲನ್ನು ಓಮ್ಸ್‌ಗೆ ತಿರುಗಿಸಿ, ನ್ಯಾನೊಸೀಮೆನ್ಸ್ ಗುರುತು ಕಾಣುವವರೆಗೆ ‘ರೇಂಜ್’ ಒತ್ತಿ. ಪ್ರೋಬ್‌ಗಳು ಏನನ್ನೂ ಮುಟ್ಟದಿದ್ದರೂ ಪರದೆಯಲ್ಲಿ ಚೂರು ಅಂಕಿ ಉಳಿದಿರುತ್ತದೆ. ಆಗಲೇ ‘ರೆಲ್’ ಒತ್ತಿ ಅದನ್ನು ಕಳೆಯಬೇಕು. ಉಳಿಕೆ 0.06 ಇದ್ದು, 1 ಗಿಗಾಓಮ್ (1000 ಮೆಗಾಓಮ್) ರೆಸಿಸ್ಟರಿಗೆ 1.06 ತೋರಿಸಿತು ಎನ್ನಿ. ಕಳೆಯದೆ ಲೆಕ್ಕ ಹಾಕಿದರೆ 943 ಮೆಗಾಓಮ್ ಬರುತ್ತದೆ. ಆ ಉಳಿಕೆಯ ಸೋರಿಕೆ ರೆಸಿಸ್ಟರಿಗೆ ಸಮಾಂತರವಾಗಿರುತ್ತದೆ, ಸಮಾಂತರದಲ್ಲಿ ವಾಹಕತೆಗಳು ನೇರವಾಗಿ ಕೂಡಿಕೊಳ್ಳುತ್ತವೆ. ಅದಕ್ಕೇ ಈ ಕಳೆಯುವ ಲೆಕ್ಕ ಸರಿಹೋಗುವುದು. ಓಮ್ಸ್‌ನಲ್ಲಿ ಹೀಗೆ ಮಾಡಲಾಗದು. ಅಂಕಿ ಕುಣಿಯುತ್ತಿದ್ದರೆ ‘ಮಿನ್ ಮ್ಯಾಕ್ಸ್’ನಲ್ಲಿ ಸರಾಸರಿ ನೋಡಿ.

ಎರಡೂ ತುದಿಗೆ ಬೆರಳು ತಾಗಿದರೆ ಅಳತೆ ಕೆಟ್ಟಂತೆ: ಮೈಯ ರೋಧ 1 ಮೆಗಾಓಮ್ ಎಂದೇ ಇಟ್ಟುಕೊಂಡರೂ ಅದು 1000 ನ್ಯಾನೊಸೀಮೆನ್ಸ್. ಬೋರ್ಡ್ ಮೇಲೆ ಬೆಸುಗೆಯಿಂದ ಉಳಿದ ಫ್ಲಕ್ಸ್, ಕರಾವಳಿಯ ಮಳೆಗಾಲದ ತೇವವೂ ಸುಳ್ಳು ಅಂಕಿ ಕೊಡುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಒಣಗಿಸಿ, ಮತ್ತೆ ಅಳೆಯಿರಿ.

ಕೈಪಿಡಿಯಲ್ಲಿ 1,00,000 ಮೆಗಾಓಮ್‌ವರೆಗೆ ಎಂದಿದೆ. ಅದು ಪರದೆಯ ಕೊನೆಯ ಅಂಕಿಯ ಲೆಕ್ಕ, 0.01. ನಿಖರತೆಯ ಮಿತಿಯೋ ಶೇ. 1ರ ಜೊತೆಗೆ 10 ಕೌಂಟ್ (ಕೊನೆಯ ಅಂಕಿಯ ಹತ್ತು ಹೆಜ್ಜೆ), ಅಂದರೆ 0.10 ನ್ಯಾನೊಸೀಮೆನ್ಸ್ ಹೆಚ್ಚುಕಡಿಮೆ. 1.00 ಕಂಡಾಗ ನಿಜವಾದ ರೋಧ ಸುಮಾರು 900ರಿಂದ 1120 ಮೆಗಾಓಮ್ ಒಳಗೆ ಎಲ್ಲಾದರೂ ಇರಬಹುದು, 0.10 ಕಂಡರೆ ಆ ಅಂಕಿಗೆ ಅರ್ಥವೇ ಇಲ್ಲ. 2000 ಮೆಗಾಓಮ್ ದಾಟಿದ ಮೇಲೆ ಅದನ್ನು ಅಂದಾಜು ಎಂದಷ್ಟೇ ತಿಳಿಯಿರಿ.

ಹೈವೋಲ್ಟೇಜ್ ಪ್ರೋಬಿನ ರೆಸಿಸ್ಟರ್, ಡಯೋಡಿನ ರಿವರ್ಸ್ ಸೋರಿಕೆ, ಕನೆಕ್ಟರ್ ಪಿನ್‌ಗಳ ನಡುವಿನ ಸೋರಿಕೆ ನೋಡಲು ಒಳ್ಳೆಯದು. ಮೋಟಾರ್ ವೈಂಡಿಂಗ್‌ಗೆ ಬೇಡ. ಮೀಟರ್ ಕೊಡುವ ವೋಲ್ಟೇಜ್ 8ಕ್ಕಿಂತ ಕಡಿಮೆ, 500 ವೋಲ್ಟಿಗೆ ಸೋಲುವ ಇನ್ಸುಲೇಷನ್ ಇದರಲ್ಲಿ ಆರೋಗ್ಯವಾಗಿಯೇ ಕಾಣಬಹುದು. ಆ ಕೆಲಸಕ್ಕೆ ಹೆಚ್ಚಿನ ವೋಲ್ಟೇಜಿನಲ್ಲಿ ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್ ಬೇಕೇ ಬೇಕು.